ಶಾಫ್ಟಿನ ಮೇಲಿನ ಬಿಳಿ ಗೆರೆ

ನಾರಾಯಣಪೇಟೆ,
೩ ಆಗಸ್ಟ್ ೨೦೨೫, ಭಾನುವಾರ ಬೆಳಿಗ್ಗೆ

ಮಗನೇ ಸಾಯಿಪ್ರಸಾದ್,

ನಿನ್ನ ಅಪ್ಪ ಬರೆಯುತ್ತಿದ್ದೇನೆ. ಹೇಗಿದ್ದೀಯಪ್ಪಾ? ಊಟ ಸೇರುತ್ತಿದೆಯೇ? ನಿದ್ದೆ ಬರುತ್ತಿದೆಯೇ? ರಾಯಚೂರಿನ ಸೆಕೆ ನಿನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ, ಕುತ್ತಿಗೆಯ ತುಂಬ ಬೆವರುಸಾಲೆ ಏಳುತ್ತಿತ್ತು. ಅಲ್ಲಿ ಫ್ಯಾನಿನ ಕೆಳಗೆ ಹಾಸಿಗೆ ಸಿಕ್ಕಿದೆ ಎಂದು ನವನೀತಾ ಹೇಳಿದಳು, ಅಷ್ಟು ಸಮಾಧಾನ. ಕುಡಿತ ಬಿಡಿಸುವ ಕೇಂದ್ರದಲ್ಲಿ ಮೊದಲ ಎರಡು ತಿಂಗಳು ಫೋನು ಕೊಡುವುದಿಲ್ಲವಂತೆ, ಹದಿನೈದು ದಿನಕ್ಕೊಮ್ಮೆ ಮನೆಯವರಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಾರಂತೆ. ಹೆಂಡತಿ ಹೋದರೆ ನಿನಗೆ ಹಿತ, ಅದಕ್ಕೇ ಅವಳನ್ನು ಕಳಿಸುತ್ತೇನೆ ಎಂದು ಓಣಿಯವರಿಗೆ ಹೇಳಿದ್ದೇನೆ. ನಿನ್ನ ಎದುರು ಬಂದು ಕೂರುವ ಧೈರ್ಯ ನನಗಿಲ್ಲ ಎಂದು ಅವರಿಗೆ ಹೇಳಿಲ್ಲ.

ಮನೆಯಲ್ಲಿ ದೊಡ್ಡ ಸುದ್ದಿಯೇನೂ ಇಲ್ಲ. ನಿನ್ನ ಅಮ್ಮನಿಗೆ ಮೊಣಕಾಲು ನೋವು, ಆದರೂ ಮಗ್ಗ ಬಿಟ್ಟು ಏಳುವುದಿಲ್ಲ. ನಿನ್ನನ್ನು ಅಲ್ಲಿಗೆ ಸೇರಿಸಿದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಉಪ್ಪು ಮುಗಿದಿದೆ ಎಂದು ಗೋಡೆಗೆ ಹೇಳುತ್ತಾಳೆ, ನಾನು ಹೋಗಿ ತಂದಿಡುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿ ಗೋಡೆಯ ಮೂಲಕ ಬಾಳುವ ಹಾಗಾಯಿತು. ನವನೀತಾ ಹೋದ ಸಲ ನಿನ್ನನ್ನು ನೋಡಿ ಬಂದವಳು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ಕೂತು ಅತ್ತಳು. ಚಹದ ಲೋಟ ಎತ್ತಿದರೆ ನಿನ್ನ ಕೈ ನಡುಗಿ ಅರ್ಧ ಚೆಲ್ಲುತ್ತದಂತೆ. ಅದಕ್ಕಿಂತ ಹೆಚ್ಚಾಗಿ ಅವಳು ಅತ್ತದ್ದು ನೀನು ಹೇಳಿದ ಮಾತಿಗೆ. "ಗಾಡಿ ಸರಿಯಾಗೇ ಇತ್ತು, ನನ್ನ ಕೈಯೇ ಸರಿ ಇರಲಿಲ್ಲ. ಅಪ್ಪ ಹೇಳಿದ್ದು ಖರೇನ ಐತಿ" ಅಂದೆಯಂತೆ. ಅದಕ್ಕೇ ಈ ಪತ್ರ.

ಗಾಡಿಯ ಕಥೆ ನಿನಗೆ ಗೊತ್ತಿರುವುದೇ. ಆದರೆ ಪತ್ರವನ್ನು ಮೊದಲು ಅಲ್ಲಿ ನಿನ್ನನ್ನು ನೋಡಿಕೊಳ್ಳುವ ಸಾರ್ ಓದುತ್ತಾರಂತೆ, ಅವರಿಗೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ. ಹದಿನಾಲ್ಕು ವರ್ಷದ ಹಳೆಯ ಪಿಕಪ್. ನೂಲು, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸು, ಮಡಿಸಿದ ಸೀರೆ, ನಮ್ಮ ಓಣಿಯ ಮಗ್ಗಗಳದ್ದೆಲ್ಲ ಅದರಲ್ಲೇ ಮಕ್ತಲ್‌ಗೂ ಗದ್ವಾಲ್‌ಗೂ ಹೋಗಬೇಕು. ನೀನು ಕುಡಿತ ಬಿಟ್ಟ ವರ್ಷ ಅದರ ಕೀಲಿ ನಿನ್ನ ಕೈಗೆ ಕೊಟ್ಟೆ. ಬೇರೆ ಯಾರಿಗೂ ಗಾಡಿ ಕೊಡಬಾರದು ಎಂದು ನೀನು ನನ್ನಿಂದ ಮಾತು ತೆಗೆದುಕೊಂಡೆ. ನಾಲ್ಕು ವರ್ಷ ಅದಕ್ಕೆ ಒಂದು ಗೀರು ಬೀಳದ ಹಾಗೆ ನೋಡಿಕೊಂಡೆ. ಹೋದ ಕಾರ್ತಿಕದಲ್ಲಿ ನೀನು ನವನೀತಾಳೊಂದಿಗೆ ಬಸ್ಸಿನಲ್ಲಿ ಅವಳ ತವರು ಶಾಂತಿನಗರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಮರುದಿನ ಗದ್ವಾಲ್‌ಗೆ ಮಾಲು ಇಳಿಸಿ ಬಂದವನು ಬಾಗಿಲಲ್ಲೇ ನಿಂತು ಕೇಳಿದೆ, "ಅಪ್ಪಾ, ಐವತ್ತು ದಾಟಿತಂದ್ರ ಗಾಡಿ ನಡಗಾಕ ಹತ್ತತೈತಿ. ನಾ ಇಲ್ಲದಾಗ ಯಾರರ ಮುಟ್ಟಿದ್ರೇನು?" ಯಾರೂ ಮುಟ್ಟಿಲ್ಲ ಎಂದು ನಾನಂದೆ. ಆಮೇಲೆ ಮೂರು ತಿಂಗಳು ನೀನು ಪಟ್ಟ ಪಾಡು ನೋಡಿದ್ದೇನೆ. ಚಕ್ರ ಹಿಂದುಮುಂದು ಮಾಡಿಸಿದೆ, ಬೇರಿಂಗ್ ಬಿಚ್ಚಿಸಿದೆ, ಎಂಜಿನ್ ಕೆಳಗಿನ ರಬ್ಬರ್ ಬದಲಾಯಿಸಿದೆ. ನಾಲ್ಕು ಮೆಕ್ಯಾನಿಕ್‌ಗಳು ನಾಲ್ಕು ಕಡೆ ಬೆರಳು ತೋರಿಸಿದರು, ನಡುಕ ಮಾತ್ರ ಇದ್ದ ಹಾಗೇ ಇತ್ತು. ನಂಬು ಎಂದು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಕ್ತಲ್‌ವರೆಗೆ ಓಡಿಸಿದೆ. ನಾನು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, ನನಗೇನೂ ಗೊತ್ತಾಗವಲ್ದು ಅಂದೆ. ನಲವತ್ತು ವರ್ಷ ನೆಲದ ಕುಣಿಗೆ ಕಾಲಿಳಿಸಿ ಮಗ್ಗದಲ್ಲಿ ಕೂತ ಮೈ, ಹಗಲೆಲ್ಲ ಮನೆಯ ನೆಲವೇ ಅದುರುವಾಗ ಗಾಡಿಯ ಅದುರು ಎಲ್ಲಿ ತಿಳಿಯಬೇಕು ಎಂದು ಅಮ್ಮನಿಗೂ ಹೇಳಿದೆ.

ಮಾಘದಲ್ಲಿ ಆದದ್ದು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. ಮೂರು ಮನೆಯವರು ನೇಯ್ದ ಮದುವೆ ಸೀರೆಗಳನ್ನು ಹೇರಿಕೊಂಡು ನೀನು ಗದ್ವಾಲ್‌ಗೆ ಹೊರಟಿದ್ದೆ. ಧರೂರಿನ ಹತ್ತಿರ ಗಾಡಿ ಹಿಂದೆಂದಿಗಿಂತ ಜೋರಾಗಿ ನಡುಗಿತು, ನೀನು ಬ್ರೇಕ್ ಹಾಕಿದೆ, ಹಿಂದಿನ ಚಕ್ರ ಮಣ್ಣಿಗಿಳಿದು ಗಾಡಿ ಕಾಲುವೆಯ ಏರಿಯಿಂದ ಗದ್ದೆಗೆ ಜಾರಿತು. ದೇವರ ದಯೆ, ನಿನಗೆ ಹಣೆಯ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಸೀರೆಗಳು ಕೆಸರಾದವು. ನಾನು ಬಸ್ಸು ಹಿಡಿದು ಬರುವಷ್ಟರಲ್ಲಿ ಸೀರೆ ಕೊಳ್ಳುವ ಗದ್ವಾಲ್‌ನ ಸಾವುಕಾರರೂ ಓಣಿಯ ನಾಲ್ಕು ಜನರೂ ಏರಿಯ ಮೇಲೆ ಸೇರಿದ್ದರು. ಹುಡುಗ ಮತ್ತೆ ಶುರು ಮಾಡಿದ್ದಾನೇನು ಎಂದು ಯಾರೋ ಕೇಳಿದರು. ನೀನು ನನ್ನ ಹತ್ತಿರ ಬಂದು, "ಅಪ್ಪಾ, ಬಾಯಿ ಮೂಸಿ ನೋಡು. ನಾ ಕುಡಿದಿಲ್ಲ" ಅಂದೆ. ನಾನು ಮೂಸಿ ನೋಡಲಿಲ್ಲ. ಎಲ್ಲರೂ ಕೇಳುವ ಹಾಗೆ, "ನಡುಕ ಗಾಡ್ಯಾಗಿಲ್ಲ, ಇವನ ಕೈಯಾಗೈತಿ" ಅಂದುಬಿಟ್ಟೆ. ನೀನು ಕೀಲಿ ನನ್ನ ಕೈಗಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಒಂಬತ್ತನೆಯ ದಿನ ನಿಜವಾಗಿಯೂ ಕುಡಿದು ಮನೆಗೆ ಬಂದೆ. ಮುಂದಿನದು ನಿನಗೂ ಗೊತ್ತು, ಅಲ್ಲಿಯ ಸಾರ್‌ಗೂ ಗೊತ್ತು.

ಗದ್ದೆಯಿಂದ ಎತ್ತಿ ತಂದ ಗಾಡಿ ಮನೆ ಮುಂದೆ ಐದು ತಿಂಗಳು ನಿಂತೇ ಇತ್ತು. ಮಾರಿಬಿಡೋಣ ಎಂದರೆ ನವನೀತಾ ಕೇಳಲಿಲ್ಲ, ನನ್ನ ಗಂಡ ಸುಳ್ಳು ಹೇಳುವವರಲ್ಲ, ಮೊದಲು ನಡುಕ ಎಲ್ಲಿದೆ ನೋಡೋಣ ಎಂದು ಹಟ ಹಿಡಿದಳು. ಹೋದ ಬುಧವಾರ ಮಕ್ತಲ್‌ನ ಹಳೆಯ ಮೆಕ್ಯಾನಿಕ್ ಜಂಬಪ್ಪನನ್ನು ಅವಳೇ ಕರೆಸಿದಳು. ಎಪ್ಪತ್ತರ ಮುದುಕ, ಸ್ಪ್ಯಾನರ್ ಮುಟ್ಟುವ ಮೊದಲು ಒಂದು ತಾಸು ಬರೀ ಓಡಿಸಿದ. ನನ್ನನ್ನೂ ಕೂರಿಸಿಕೊಂಡ. ಅರವತ್ತಕ್ಕೆ ಒಯ್ದು ನ್ಯೂಟ್ರಲ್ ಮಾಡಿ ಬಿಟ್ಟ, ಎಂಜಿನ್ನಿನ ಸದ್ದು ಇಳಿದರೂ ನಡುಕ ನಿಲ್ಲಲಿಲ್ಲ. ಆಮೇಲೆ ನಿಲ್ಲಿಸಿ ಎಂಜಿನ್ನನ್ನು ಜೋರಾಗಿ ಗುರುಗುಟ್ಟಿಸಿದ, ಆಗ ನಡುಕವೇ ಇಲ್ಲ. ಎಂಜಿನ್ನಿನ ತಪ್ಪಲ್ಲ, ಗೇರ್‌ಬಾಕ್ಸಿನಿಂದ ಹಿಂದೆ ಹುಡುಕಬೇಕು ಎಂದ. ಕೆಳಗೆ ಗೋಣಿಚೀಲ ಹಾಸಿ ಮಲಗಿ, ಹಿಂದಿನ ಚಕ್ರಗಳಿಗೆ ತಿರುಗುವಿಕೆ ಒಯ್ಯುವ ಉದ್ದನೆಯ ಶಾಫ್ಟನ್ನು ಬಹಳ ಹೊತ್ತು ನೋಡಿದ. ಅದರ ಎರಡೂ ತುದಿಗೆ ಜಾಯಿಂಟ್ ಹಿಡಿಯುವ ಕವಲುಗಳು ಇರುತ್ತವಲ್ಲ, ಎರಡೂ ಒಂದೇ ನೇರಕ್ಕೆ ಇರಬೇಕಂತೆ. ಇಲ್ಲಿ ಒಂದು ಸ್ವಲ್ಪ ತಿರುಗಿ ಕೂತಿತ್ತು. ಮೊಳೆಯಿಂದ ಬಣ್ಣ ಕೆರೆದಾಗ ಒಳಗೆ ನೀನು ಎಳೆದ ಬಿಳಿ ಗೆರೆ ಕಾಣಿಸಿತು. ಮಗ್ಗದಿಂದ ಹಾಸು ಇಳಿಸುವ ಮೊದಲು ಅಮ್ಮ ಗುರುತಿಗೆ ಬಣ್ಣದ ದಾರ ಕಟ್ಟುವುದನ್ನು ನೋಡಿಯೇ ನೀನು ಆ ಗೆರೆ ಎಳೆದದ್ದು ಎಂದು ನವನೀತಾ ಆಗ ಹೇಳಿದಳು. ಶಾಫ್ಟಿನ ಎರಡು ತುಂಡು ಸೇರುವಲ್ಲಿ ಒಂದಾಗಿರಬೇಕಾದ ಗೆರೆ ಎರಡಾಗಿ, ನಡುವೆ ಎರಡು ಬೆರಳು ಅಂತರ ಬಿದ್ದಿತ್ತು. "ಇದನ್ನ ಯಾರೋ ಬಿಚ್ಚಿ ಮತ್ತ ಹಾಕ್ಯಾರ್ರಿ ಶಂಕರಯ್ಯನವರ. ನಿಮ್ಮ ಮಗ ಹೇಳಿದ್ದು ಖರೇ ಐತ್ರಿ" ಎಂದ. ಬಿಚ್ಚಿ, ಗೆರೆಗೆ ಗೆರೆ ಕೂಡಿಸಿ ಹಾಕಿದ. ಅಷ್ಟೇ ಕೆಲಸ. ಮರಿಕಲ್‌ವರೆಗೆ ಹೋಗಿ ಬಂದೆವು, ನವನೀತಾಳ ತೊಡೆಯ ಮೇಲಿದ್ದ ತಂಬಿಗೆಯ ನೀರು ಅಲುಗಲಿಲ್ಲ.

ತಪ್ಪು ನನ್ನದು ಮಗನೇ. ಕಾರ್ತಿಕಕ್ಕೆ ಮೊದಲು ಆಯುಧ ಪೂಜೆಗೆ ಗಾಡಿ ಚಂದ ಕಾಣಲಿ ಎಂದು ಅಡಿಯನ್ನೆಲ್ಲ ಸೀಮೆಎಣ್ಣೆಯಿಂದ ತಿಕ್ಕಿ ಕರಿ ಬಣ್ಣ ಬಳಿದವನು ನಾನೇ. ನಿನ್ನ ಗೆರೆ ಆಗ ಮುಚ್ಚಿಹೋಯಿತು. ಅದು ಗುರುತು ಎಂದು ನನಗೆ ತಿಳಿಯಲಿಲ್ಲ, ಯಾವುದೋ ಕಲೆ ಅಂದುಕೊಂಡೆ. ಜಂಬಪ್ಪನ ಮುಂದೆಯೂ ಇಷ್ಟನ್ನು ಒಪ್ಪಿಕೊಂಡೆ. ಗಾಡಿ ಈಗ ಸರಿಯಾಗಿದೆ, ಓಡಿಸುವವರಿಲ್ಲ. ದಿನಾ ಹೋಗಿ ಅದರಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ನೀನು ವಾಪಸು ಬರುತ್ತೀಯೋ, ಬಂದರೂ ನನ್ನ ಗಾಡಿ ಮುಟ್ಟುತ್ತೀಯೋ ನನಗೆ ತಿಳಿಯದು. ಬರುತ್ತೀ ಎಂದು ನಂಬುವ ಹಕ್ಕನ್ನು ನಾನು ಧರೂರಿನ ಏರಿಯ ಮೇಲೇ ಕಳೆದುಕೊಂಡೆ.

ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೋ. ಅಲ್ಲಿಯ ಸಾರ್‌ಗೆ ನನ್ನ ನಮಸ್ಕಾರ ತಿಳಿಸು. ರಾಯರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಶಂಕರಯ್ಯ

ತಾ.ಕ.: ನವನೀತಾ ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತಿದ್ದಾಳೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಮುಚ್ಚಿಟ್ಟೆ. ಗೆರೆ ಮುಚ್ಚಿದ್ದರಿಂದ ಶಾಫ್ಟ್ ತಾನಾಗಿ ತಿರುಗುವುದಿಲ್ಲ, ಅದನ್ನು ಬಿಚ್ಚಿದವರು ಯಾರು ಎಂದು ನೀನು ಕೇಳೇ ಕೇಳುತ್ತೀ. ನೀನು ಶಾಂತಿನಗರದಲ್ಲಿದ್ದಾಗ ಅಮ್ಮನ ತಮ್ಮ ಅಯ್ಯಣ್ಣ ಮನೆಗೆ ಹಾಸುವ ಕಲ್ಲು ತರಲು ಗಾಡಿ ಕೇಳಿದ. ನಿನಗೆ ಕೊಟ್ಟ ಮಾತು ಮೀರಿ ಕೊಟ್ಟೆ. ಮರಿಕಲ್ ದಾರಿಯಲ್ಲಿ ಶಾಫ್ಟಿನ ಜಾಯಿಂಟ್ ಮುರಿಯಿತು, ರಸ್ತೆ ಬದಿಯ ಒಬ್ಬ ಮೆಕ್ಯಾನಿಕ್‌ನಿಂದ ಬಿಚ್ಚಿಸಿ ಹಾಕಿಸಿದ್ದು ನಾನೇ, ಪಕ್ಕದಲ್ಲಿ ನಿಂತು. ನೀನು ಬರುವ ಮೊದಲು ತೊಳೆದು ಇಟ್ಟೆ. ಯಾರರ ಮುಟ್ಟಿದ್ರೇನು ಎಂದು ನೀನು ಕೇಳಿದಾಗ ಹೌದು ಅಂದಿದ್ದರೆ ನೀನು ಅವತ್ತೇ ಶಾಫ್ಟ್ ನೋಡುತ್ತಿದ್ದೆ. ಮೊದಲ ದಿನ ನಾಚಿಕೆಯಿಂದ ಹೇಳಲಿಲ್ಲ, ಆಮೇಲೆ ದಿನ ಕಳೆದಷ್ಟೂ ಬಾಯಿ ಬರಲಿಲ್ಲ. ಮಕ್ತಲ್ ದಾರಿಯಲ್ಲಿ ಅಂಗೈ ಇಟ್ಟಾಗಲೂ ನನಗೆ ಚೆನ್ನಾಗಿ ಗೊತ್ತಾಗಿತ್ತು, ಮೊಣಕೈವರೆಗೆ ಅದುರಿತ್ತು. ಮಗ್ಗದ ಮಾತು ಕಟ್ಟಿ ಹೇಳಿದ್ದು. ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ, ನವನೀತಾಳಿಗೂ ಗೊತ್ತಿಲ್ಲ. ಓದಿದ ಮೇಲೆ ಅವಳ ಕೈಗೂ ಕೊಡು, ಓದಲಿ. ನಿನ್ನ ಕೈಯಲ್ಲಿ ನಡುಕ ಇರಲಿಲ್ಲ, ಸಾಯಿ. ಈಗ ಇರುವುದು ನಾನು ಕೊಟ್ಟದ್ದು.