ಒಳಗಿನ ಚಿಲಕ

ಮಾರ್ಚ್ 3, ಸೋಮವಾರ

ಗ್ಯಾಸ್ ಆರಿಸಿದೆನಾ? ಆರಿಸಿದೆ. ಎರಡು ಸಲ ಹೋಗಿ ನೋಡಿ ಬಂದೆ. ಮೂರನೇ ಸಲ ಹೋಗಬಾರದು.

ಇಂಗ್ಲಿಷ್ ಕ್ಲಾಸಿನ ಮೇಡಂ ಈ ವಾರ ಕೊಟ್ಟ ಪದ — ಅಡ್ಜಸ್ಟ್. ಐದು ವಾಕ್ಯ ಮಾಡಿ ಗುರುವಾರ ಎಲ್ಲರೆದುರು ಎದ್ದು ಹೇಳಬೇಕಂತೆ. ಕ್ಲಾಸಿನಲ್ಲಿ ಎದ್ದು ನಿಂತು ಎಷ್ಟು ವರ್ಷವಾಯಿತೋ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಆ ಯಾರಾದರೂ ನಾನೇ ಆದೆ.

ಪದವೇನೋ ಹೊಸದಲ್ಲ. ಕನ್ನಡಕದಂಗಡಿಯಲ್ಲಿ ಇಡೀ ದಿನ ಅದೇ ಕೆಲಸ. ಫ್ರೇಮಿನ ಕಡ್ಡಿ ಬಿಸಿ ಮಾಡು, ಬಗ್ಗಿಸು, ಗಿರಾಕಿಯ ಕಿವಿಗೆ ಕೂರಿಸು. ಒಂದು ವಾಕ್ಯ ಆಯಿತು. ಇನ್ನು ನಾಲ್ಕು…

ಮಾರ್ಚ್ 4, ರಾತ್ರಿ ಊಟ ಆದ ಮೇಲೆ

ತಮ್ಮ ತನ್ನ ತಟ್ಟೆ ನೋಡುತ್ತಲೇ ಹೇಳಿದ. ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ, ಟ್ರೆಡ್‌ಮಿಲ್ ಬುಕ್ ಮಾಡಿದ್ದೀನಿ ಅಂತ.

“ಎಲ್ಲಿಡ್ತೀಯೋ ಅದನ್ನ?”

“ನಿನ್ ರೂಮಲ್ಲಿ ಕಣಕ್ಕ. ನೀನು ಹಾಲಲ್ಲಿ ಮಲ್ಕೋ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

“ನಡೆಯೋಕೆ ರಸ್ತೆ ಇಲ್ವಾ?”

“ರಸ್ತೇಲಿ ನಾಯಿ ಇವೆ.”

“ಇವ್ರು ಓಡೋದು ನೋಡಿ ನಾಯಿಗಳೇ ನಿಂತು ನಗ್ತವೆ ಅಕ್ಕ, ಅದಕ್ಕೇ,” ಅಂದಳು ಅವನ ಹೆಂಡತಿ. ಮೂವರೂ ನಕ್ಕೆವು. ನಕ್ಕಿದ್ದೇ ತಪ್ಪಾಯಿತು. ನಕ್ಕರೆ ಒಪ್ಪಿದ ಹಾಗೆ. ಅವನು ಎದ್ದು ಕೈ ತೊಳೆದ.

ಈ ಮನೆಗೆ ಬಂದ ದಿನ ಅವನೇ ಹೇಳಿದ್ದ, ಆ ರೂಮು ನಿಂದು ಅಂತ. ಮಡಚುವ ಮಂಚ, ಒಂದು ಕಿಟಕಿ, ಒಳಗಿನಿಂದ ಹಾಕುವ ಚಿಲಕ. ಅಲ್ಲಿಯವರೆಗೆ ನಾನು ಮಲಗಿದ ಜಾಗದಲ್ಲೆಲ್ಲ ಯಾರಾದರೊಬ್ಬರು ನನ್ನ ಕಾಲು ದಾಟಿಕೊಂಡು ನೀರು ಕುಡಿಯಲು ಹೋಗುತ್ತಿದ್ದರು.

ಆದರೆ ಅವನಿಗೆ ಬಿಪಿ ಇರುವುದು ನಿಜ. ಏನಾದರೂ ಆದರೆ? ನಾನು ರೂಮು ಕೊಡಲಿಲ್ಲ ಅಂತಲೇ ಆದರೆ? ನಿದ್ದೆ ಇಲ್ಲ.

ಮಾರ್ಚ್ 6, ಗುರುವಾರ

ಎದ್ದು ನಿಂತೆ. ಬೆಂಚು ಹಿಡಿದುಕೊಂಡೇ ಹೇಳಿದೆ. ಐ ಅಡ್ಜಸ್ಟ್ ದ ಗ್ಲಾಸಸ್. ಐ ಅಡ್ಜಸ್ಟ್ ಇನ್ ದ ಬಸ್. ಐ ಅಡ್ಜಸ್ಟ್ ವಿತ್ ಮೈ ಬ್ರದರ್. ಐ ಅಡ್ಜಸ್ಟ್ ಇನ್ ದ ಕಿಚನ್. ಐ ಅಡ್ಜಸ್ಟ್ ಇನ್ ದ ಹಾಲ್.

ಮೇಡಂ “ಗುಡ್” ಅಂದರು. ಹಿಂದಿನ ಬೆಂಚಿನಿಂದ, ನಮ್ಮ ಜೊತೆಗೇ ಕಲಿಯುವ ಬಸ್ ಡ್ರೈವರಣ್ಣ ಬಾಯಿ ಹಾಕಿದ —

“ಅಲ್ಲಮ್ಮಾ, ಐದಕ್ಕೆ ಐದರಲ್ಲೂ ನೀವೇ ಅಡ್ಜಸ್ಟ್ ಮಾಡ್ತಿದೀರಲ್ಲ! ನಿಮ್ಮನೇಲಿ ಮಿಕ್ಕೋರಿಗೆಲ್ಲ ಏನು, ರಜಾನಾ?”

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ನಗು ಆರಿಹೋಗಿತ್ತು. ರಜಾ… ಹೌದಲ್ಲ. ಯಾರು ಕೊಟ್ಟರು ಅವರಿಗೆ ರಜಾ? ನಾನೇ ತಾನೇ.

ಮಾರ್ಚ್ 8

ಒಂದು ಫ್ರೇಮು ಮುರಿದೆ. ಇಷ್ಟು ವರ್ಷದಲ್ಲಿ ಹೀಗೆ ಆಗಿದ್ದೇ ಇಲ್ಲ. ರೂಮಿನ ಯೋಚನೆಯಲ್ಲಿ ಬಿಸಿ ಮಾಡುವುದನ್ನೇ ಮರೆತು ತಣ್ಣಗಿದ್ದ ಕಡ್ಡಿಯನ್ನು ಬಗ್ಗಿಸಲು ಹೋದೆ. ಪಟ್ ಅಂತು. ಗಿರಾಕಿ ಎದುರಿಗೇ.

ಯಜಮಾನರು ಬೈಯಲಿಲ್ಲ. “ಬಗ್ಗೋ ಅಂಥದ್ದೇ ಕಣಮ್ಮ ಅದು. ಹಾಗಂತ ಹೆಂಗೆ ಬೇಕೋ ಹಂಗೆ ಬಗ್ಗಿಸ್ತೀನಿ ಅಂದ್ರೆ ಬಗ್ಗುತ್ತಾ?” ಅಂದು ಬೇರೆ ಫ್ರೇಮು ತೆಗೆದುಕೊಟ್ಟರು.

ಮನೆಗೆ ಬಂದವಳೇ, ಧೈರ್ಯ ಜಾರುವ ಮುಂಚೆ, ಚಪ್ಪಲಿ ಕೂಡ ಬಿಡದೆ ಹೇಳಿದೆ. “ಆಗಲ್ಲ ಕಣೋ.”

“ಏನಾಗಲ್ಲ?”

“ಆ ಮಷೀನು. ನನ್ ರೂಮಲ್ಲಿ ಬೇಡ.”

“ಏನಕ್ಕಾ ನೀನು, ಒಳ್ಳೆ ಚಿಕ್ಕ ಮಗು ಥರ,” ಅಂದು ಟಿವಿ ಸೌಂಡು ಜಾಸ್ತಿ ಮಾಡಿದ.

ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆದರೂ ಹೇಳಿದ್ದೇನೆ. ಹೇಳಿದ್ದು ಹೇಳಿದ್ದೇ.

ಮಾರ್ಚ್ 11, ಮಂಗಳವಾರ, ಸಂಜೆ 6

ಅಂಗಡಿಯಿಂದ ಬಂದು ನೋಡಿದರೆ ನನ್ನ ಮಂಚ ಹಾಲಿನಲ್ಲಿ, ಸೋಫಾದ ಹಿಂದೆ. ದಿಂಬು ಶೂ ಸ್ಟ್ಯಾಂಡಿನ ಮೇಲೆ. ಶೂ ಸ್ಟ್ಯಾಂಡಿನ ಮೇಲೆ! ರೂಮಿನ ತುಂಬ ಆ ಕರಿ ಮಷೀನು, ಮದುವೆ ಗಂಡಿನ ಹಾಗೆ ಕೂತಿದೆ. ಇಬ್ಬರೂ ಮನೆಯಲ್ಲಿಲ್ಲ. ಫ್ರಿಜ್ಜಿನ ಮೇಲೆ ಚೀಟಿ — ಅಂಗಡಿಗೆ ಹೋಗಿದ್ದೀವಿ. ಏನು ತರಲು? ವಾಕಿಂಗ್ ಶೂ ಇರಬೇಕು.

ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಬಗ್ಗಿ ನೋಡಿದೆ. ಮಷೀನಿಗೆ ಚಕ್ರ ಇದೆ.

6.40

ಉಸ್ಸಪ್ಪಾ. ಬಾಗಿಲ ಚೌಕಟ್ಟಿಗೆ ಒಂದು ಕಡೆ ಗೀಚಿತು. ಪೇಂಟ್ ಹೋಯಿತು, ಹೋಗಲಿ. ಸೀದಾ ಅವನ ಬೆಡ್‌ರೂಮಿಗೇ ತಳ್ಳಿದೆ. ಮಂಚಕ್ಕೂ ಬೀರುವಿಗೂ ನಡುವೆ ಹಿಡಿಸಿತು, ಹೇಳಿ ಮಾಡಿಸಿದ ಹಾಗೆ. ಇನ್ನು ಎದ್ದರೆ ಕಾಲು ನೇರ ಅದರ ಮೇಲೆ. ಬಿಪಿಗೆ ಇದಕ್ಕಿಂತ ಒಳ್ಳೆಯದು ಉಂಟಾ? ನಾಯಿಯೂ ಇಲ್ಲ.

ನನ್ನ ಮಂಚ ಒಳಗೆ. ದಿಂಬಿನ ಕವರು ಬದಲಾಯಿಸಿದೆ. ಚಿಲಕ ಹಾಕಿದೆ. ಎಳೆದು ನೋಡಿದೆ. ಮತ್ತೊಮ್ಮೆ ಎಳೆದು ನೋಡಿದೆ.

7.15

ಬಂದರು. ಚಪ್ಪಲಿ ಸದ್ದು. ಬೆಡ್‌ರೂಮಿನ ಸ್ವಿಚ್ಚು ಹಾಕಿದ ಸದ್ದು.

“ಅಕ್ಕಾ! ಏನಿದು? ಬೀರು ಬಾಗಿಲೇ ತೆಗೆಯೋಕಾಗ್ತಿಲ್ಲ ನಂಗೆ!”

ಒಳಗಿನಿಂದಲೇ ಹೇಳಿದೆ, ಇಡೀ ಮನೆಗೆ ಕೇಳುವ ಹಾಗೆ —

“ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

ಹೊರಗೆ ಯಾರೋ ನಕ್ಕರು. ಅವನ ಹೆಂಡತಿ! ಬಾಯಿಗೆ ಸೆರಗು ಒತ್ತಿಕೊಂಡು ನಗುವುದು ನನಗೆ ಗೊತ್ತು. “ಸಾಕು ಬನ್ರೀ, ಅಲ್ಲೇ ನಡೀರಿ,” ಅನ್ನುತ್ತಿದ್ದಾಳೆ.

ಅವನು ಈಗ ನನ್ನ ಬಾಗಿಲು ಬಡಿಯುತ್ತಿದ್ದಾನೆ. ಬಡಿಯಲಿ. ಚಿಲಕ ಅಲ್ಲಾಡುತ್ತಿಲ್ಲ. ನಾನು ತೆಗೆಯುವುದಿಲ್ಲ.