ಡ್ಯಾಶ್‌ಬೋರ್ಡಿಗೊಂದು ತೂತು

ಮಂಗಳವಾರ, ಮಾರ್ಚ್ 4
ನಮ್ಮ ಹಳೆಯ ಕಾರಿನ ಡ್ರೈವರ್ ಸೀಟಿನ ಕುಶನ್ ಹೊಲಿದು ಮುಗಿಸಿದೆ. ಮತ್ತೆ ಸೂಜಿ ಮುರಿಯಿತು. ಇಂಜಿನ್ ರೆಡಿ, ಕೆಂಪು ಪೇಂಟ್ ರೆಡಿ. ಕಾರಿನ ಯಜಮಾನರು — ನನ್ನ ಯಜಮಾನರೂ ಇವರೇ — ಮಾತ್ರ ಹಳೆ ಕಾರುಗಳ ಕ್ಲಬ್ಬಿನ ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗುತ್ತಿಲ್ಲ.

ಅಪಘಾತದಲ್ಲಿ ಎಡಗಾಲು ಹೋದ ಮೇಲೆ ಇವರಿಗೆ ಕ್ಲಚ್ ತುಳಿಯಲಾಗದು. ಕೈಯಲ್ಲಿ ಎಳೆಯುವ ಕ್ಲಚ್ ಹಾಕೋಣವೆಂದು ಹೇಳಿ ಹೇಳಿ ಕ್ಲಬ್ಬಿನವರಿಗೆಲ್ಲ ಸಾಕಾಯಿತು. ಆ ಲಿವರಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು ಬೇಕು. ಹಳೆಯ ಕಾರಿಗೆ ಹೊಸ ತೂತು ಕೊರೆಯಬಾರದು — ಕ್ಲಬ್ಬಿನ ಮೊದಲ ನಿಯಮ. ಮಾಡಿದವರು ಇವರೇ.

"ನನ್ ಕಾಲಿಗೋಸ್ಕರ ಅದಕ್ಯಾಕೆ ಗಾಯ? ಮಾರಿಬಿಡೋಣ."

ಗಾಯವಂತೆ! ನನ್ನ ಬೆರಳಿಗೆ ಸೂಜಿ ಚುಚ್ಚಿದಾಗ ಒಂದು ದಿನವೂ ಇಷ್ಟು ಮರುಗಿದವರಲ್ಲ.

ಗುರುವಾರ, 6
ಹಳೆಯ ಕಾರು ಕೂಡಿಡುವ ಹೋಟೆಲ್ ಮಾಲೀಕ ಬಂದು ನೋಡಿದ. "ಎಲ್ಲಾ ಒರಿಜಿನಲ್ಲಾ? ಹಾಗಾದ್ರೆ ಭಾನುವಾರ ತಗೊಂಡ್ಹೋಗ್ತೀನಿ." ಇವರು ತಲೆಯಾಡಿಸಿದರು. ಆಮೇಲೆ ಊಟ ಮುಟ್ಟಲಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಕ್ಲಬ್ಬಿನ ಸದಸ್ಯರಲ್ಲಿ ದಿನಾ ಡ್ರಿಲ್ ಹಿಡಿಯುವ ಕೈ ಅವರದೊಂದೇ, ಹಲ್ಲು ಕೊರೆಯಲಾದರೂ.

ಶುಕ್ರವಾರ, ಬೆಳಗ್ಗೆ 11
ಇವರು ಕಾಲಿನ ಎಕ್ಸರ್‌ಸೈಜಿಗೆ ಆಸ್ಪತ್ರೆಗೆ. ನಾನೂ ಡಾಕ್ಟರೂ ಶೆಡ್ಡಿಗೆ. ಇವರೂ ನಾನೂ ಒಂದೇ ಎತ್ತರ. ಅಳತೆಗೆ ನಾನೇ ಕೂತೆ. ಗುರುತು ಹಾಕಿಯಾಯಿತು.

"ಬಾಯಿ ಮರಗಟ್ಟೋ ಇಂಜೆಕ್ಷನ್ ಕೊಡೋ ಹಾಗೂ ಇಲ್ವಲ್ಲ ಇದಕ್ಕೆ," ಎಂದರು ಡಾಕ್ಟರು. ಕೊರೆದರು. ಲಿವರ್ ಕೂತಿತು. ಭಯವಾಗುತ್ತಿದೆ.

ಶನಿವಾರ
ಕುಶನ್ ಹಾಕಿಸಿ ಇವರನ್ನು ಶೆಡ್ಡಿಗೆ ಕರೆದೊಯ್ದೆ. ಡಾಕ್ಟರೂ ಬಂದಿದ್ದರು. ತೂತಿನ ಅಂಚನ್ನು ಬೆರಳಲ್ಲಿ ಸವರಿದರು.

"ನನ್ನ ಒಂದ್ ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

ಆದರೂ ಕೂತರು! ಲಿವರ್ ಎಳೆದರು. ಟಕ್ — ಬಲ ಮೊಣಕಾಲಿಗೆ ಬಡಿಯಿತು. ಇನ್ನೊಮ್ಮೆ. ಮತ್ತೆ ಮೊಣಕಾಲಿಗೇ.

ಆಗ ಹೊಳೆಯಿತು. ನಿನ್ನೆ ನಾನು ಕೂತದ್ದು ಬರೀ ಸೀಟಿನ ಫ್ರೇಮಿನ ಮೇಲೆ. ಕುಶನ್ ಮನೆಯಲ್ಲಿತ್ತು. ನಾಲ್ಕು ಬೆರಳು ದಪ್ಪ, ನನ್ನ ಕೈಯಾರೆ ಹೊಲಿದದ್ದು... ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಲಿವರ್ ಮೇಲಕ್ಕೆ ಹೋಗಬೇಕು. ಅಂದರೆ ಇನ್ನೊಂದು ತೂತು. ಹೇಳುವ ಧೈರ್ಯ ಯಾರಿಗಿದೆ? ಡಾಕ್ಟರು ಚಾವಣಿ ನೋಡುತ್ತಾ ನಿಂತರು.

ಇವರು ಮೊಣಕಾಲು ನೋಡಿದರು, ತೂತು ನೋಡಿದರು, ನನ್ನ ಮುಖ ನೋಡಿದರು. ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪಘಾತವಾದ ಮೇಲೆ ಇದೇ ಮೊದಲು.

"ಒಂದು ತೂತೇ ಬೇಡ ಅಂದ್ರೆ ಎರಡು ಮಾಡಿಸ್ತಿದ್ದೀಯಲ್ಲೇ! ಕೊಡಿ ಇಲ್ಲಿ ಡ್ರಿಲ್ಲು. ಡಾಕ್ಟ್ರೇ, ನೀವು ಹಲ್ಲು ನೋಡ್ಕೊಳ್ಳಿ."

ತಾವೇ ಅಳೆದರು, ತಾವೇ ಕೊರೆದರು. ನಾನು ಬಾಗಿಲ ಹಿಂದೆ ನಿಂತು ಅತ್ತೆ.

ಭಾನುವಾರ, ಬೆಳಗ್ಗೆ, ಕ್ಲಬ್ಬಿನಲ್ಲಿ
ಹೋಟೆಲ್ ಮಾಲೀಕನ ಫೋನ್. "ಒರಿಜಿನಲ್ ಅಲ್ಲ ಸ್ವಾಮಿ, ತೂತಿದೆ. ಅದೂ ಎರಡು. ನಿಮಗ್ಯಾಕೆ ಬಿಡಿ," ಎಂದು ಇವರೇ ಇಟ್ಟರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಈಗ ಹೊರಗೆ ಶೆಡ್ಡಿನಲ್ಲಿ ಇಂಜಿನ್ ಸದ್ದು. ಆಫ್ ಆಯಿತು. ಮತ್ತೆ ಸ್ಟಾರ್ಟ್... ಗೇರ್ ಬಿತ್ತು. ಅಯ್ಯೋ, ಹೊರಟೇಬಿಟ್ಟಿತಲ್ಲ — ರೀ, ನಿಲ್ಲಿ, ನಾನೂ—