ಹಿಮಕ್ಕೆ ಹೊರಟ ಕ್ಯಾಮರಾ

ಪ್ರೇಕ್ಷಾ,

ನಾನು ಬ್ರಹ್ಮಾವರದ ಬಸ್ಸಿಗೆ ಹೊರಟೆ. ನಿನ್ನ ಅಣ್ಣನ ಕ್ಯಾಮರಾ ಮೇಜಿನ ಮೇಲಿದೆ, ಮನಾಲಿಗೆ ತೆಗೆದುಕೊಂಡು ಹೋಗು. ಅವರು ತೀರಿಕೊಂಡಾಗಿನಿಂದ ಅತ್ತೆ ಅದನ್ನು ತೇವ ಹಿಡಿಯಬಾರದೆಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಒರೆಸಿದ್ದೇನೆ.

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಎರಡನೆಯದನ್ನು ಸ್ವೆಟರಿನ ಒಳಗೆ, ಮೈಗೆ ತಾಗುವ ಹಾಗೆ ಇಟ್ಟುಕೊ. ಇಳಿದದ್ದೂ ಬೆಚ್ಚಗಾದರೆ ಇನ್ನಷ್ಟು ಹೊತ್ತು ನಡೆಯುತ್ತದೆ.

ಲೆನ್ಸಿನ ಮೇಲೆ ಹಿಮ ಬಿದ್ದರೆ ಬಾಯಿಂದ ಊದಬೇಡ, ಉಸಿರು ಅಲ್ಲೇ ಹೆಪ್ಪುಗಟ್ಟುತ್ತದೆ. ಬ್ರಶ್ ಚೀಲದಲ್ಲಿದೆ.

ಕೋಣೆಗೆ ಬರುವ ಮೊದಲು, ಹೊರಗೇ, ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟು. ಬೆಚ್ಚಗಾಗುವವರೆಗೆ ಬಿಚ್ಚಬೇಡ. ನಮ್ಮ ಮೀನಿನ ಐಸ್ ಪೆಟ್ಟಿಗೆ ಬೆವರುವ ಹಾಗೆ ಅದೂ ಬೆವರುತ್ತದೆ, ಒಳಗೆ ನೀರು ಸೇರಿದರೆ ಮುಗಿಯಿತು. ಫೋಟೋ ತೋರಿಸುವ ಅವಸರ ನಿನಗೆ ಎಷ್ಟೆಂದು ಗೊತ್ತು.

"ಮಗಂದ್ ಅಂತ ಇಪ್ದ್ ಅದೊಂದೇ. ಅದನ್ನೂ ಕಳ್ಕಂಬ್ಕಾ?" ಎಂದು ಅತ್ತೆ ನಿನ್ನೆ ನನ್ನನ್ನು ಕೇಳಿದರು. ಇವತ್ತು ನಿನ್ನನ್ನು ಕೇಳುತ್ತಾರೆ. ಎದುರು ಮಾತಾಡಬೇಡ, ಜೋಪಾನವಾಗಿ ತರುತ್ತೇನೆ ಅನ್ನು.

ಆದರೆ ಅಲ್ಲಿ ಇಳಿಜಾರಿನಲ್ಲಿ ಅದು ಕೈತಪ್ಪಿ ಉರುಳಿದರೆ ಹಿಡಿಯಲು ಹೋಗಬೇಡ. ಬಿಟ್ಟುಬಿಡು. ಅತ್ತೆಗೆ ನಾನು ಹೇಳಿಕೊಳ್ಳುತ್ತೇನೆ.

ಚೇತನಾ ಅತ್ತಿಗೆ